ಗರಗಸದ ಐದನೆಯ ನಿಯಮ

"ಅದನ್ನ ನನಗೆ ಬಿಡಿ" ಎನ್ನುವ ಮಾತು ಅಜೆಕುಮ್‌ನ ಬಾಯಿಂದ ಹೊರಬಿದ್ದಾಗಲೆಲ್ಲ ಘಾನಾದ ಕೊಫೊರಿಡುವಾ ಊರಿನಲ್ಲಿ ಯಾರಿಗಾದರೂ ತೊಂದರೆಯಾಗಿದೆ. ಹೆಚ್ಚಿನ ಸಲ ಅವನಿಗೇ ಆಗಿದೆ. ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಈ ಮನುಷ್ಯನಿಗೆ ಬೆಳಿಗ್ಗೆ ಹಾಸಿಗೆಯಿಂದ ಎದ್ದಾಗಲೂ ಈಗಷ್ಟೇ ದೂರದ ಬಸ್ಸಿನಿಂದ ಇಳಿದು ಬಂದವನ ಮುಖ. ಕುರ್ಚಿ ಕಂಡರೆ ಕೂರುವವನು, ಗೋಡೆ ಕಂಡರೆ ಒರಗುವವನು. ಅಂಥವನು ಹೆಂಡತಿಯ ಕಡೆಯ ಇಡೀ ಕುಲ ಸೇರಿದ್ದ ಸಭೆಯಲ್ಲಿ ಎದ್ದು ನಿಂತು, ತೀರಿಹೋದ ಮಾವನ ಎದೆಯೆತ್ತರದ ದೊಡ್ಡ ಫೋಟೋಕ್ಕೆ ಮರದ ಚೌಕಟ್ಟನ್ನು ತಾನೇ ಕೈಯಾರೆ ಮಾಡಿ ವರ್ಷಾಬ್ದಿಗೆ ತರುವುದಾಗಿ ಹೇಳಿಬಿಟ್ಟ.

ಇದಕ್ಕೆ ಕಾರಣ ಒಂದು ಗಡಿಯಾರ. ಹಿಂದಿನ ವರ್ಷ ಮಾವನನ್ನು ಮಣ್ಣು ಮಾಡುವ ದಿನ, ಅಳಿಯಂದಿರು ತಂದ ಕಾಣಿಕೆಗಳನ್ನು ಪದ್ಧತಿಯಂತೆ ಮೈಕಿನಲ್ಲಿ ಕೂಗಿ ಹೇಳಿದರು. ತೆಮಾದಲ್ಲಿರುವ ಷಡ್ಡಕ ಕೊಬ್ಬಿದ ಹೋತ ತಂದಿದ್ದ, ಬಟ್ಟೆಯ ಗಂಟು ತಂದಿದ್ದ. ಅಜೆಕುಮ್ ಗೋಡೆ ಗಡಿಯಾರ ತಂದಿದ್ದ. ಗಂಟೆಗೊಮ್ಮೆ ಹಾಡುತ್ತದೆ ಎಂದು ಅಂಗಡಿಯವನು ಹೇಳಿದ್ದ. ಏನು ಹಾಡುತ್ತದೆ ಎಂದು ಇವನು ಕೇಳಿರಲಿಲ್ಲ. ಶವಪೆಟ್ಟಿಗೆಯ ಮುಚ್ಚಳ ಹಾಕಿ, ಹೆಂಗಸರ ಅಳು ಮುಗಿಲು ಮುಟ್ಟಿದ ಆ ಗಳಿಗೆಯಲ್ಲೇ ಗಡಿಯಾರ ಹುಟ್ಟುಹಬ್ಬದ ರಾಗ ನುಡಿಯಿತು. ಪೂರ್ತಿ ನುಡಿಯಿತು. ನಿಲ್ಲಿಸಲು ಅದಕ್ಕೆ ಗುಂಡಿಯೇ ಇರಲಿಲ್ಲ.

ಅಂದಿನಿಂದ ಅವನು ಹೆಂಡತಿಯ ಊರಾದ ಸುಹುಮ್‌ನಲ್ಲಿ 'ಹುಟ್ಟುಹಬ್ಬದ ಅಳಿಯ'. ಹೆಂಡತಿ ಸೆರ್ವಾ ಮಣಿ ಸಂತೆಯಲ್ಲಿ ಗಾಜಿನ ಮಣಿ ಮಾರುವವಳು, ಯಾರಿಗೂ ತಲೆ ತಗ್ಗಿಸಿದವಳಲ್ಲ. ಆದರೆ ಗಡಿಯಾರ ಹಾಡಿದ ಮೇಲೆ ತವರಿನ ಯಾವ ಸಮಾರಂಭಕ್ಕೆ ಹೋದರೂ ಕಟ್ಟಕಡೆಯ ಸಾಲಿನಲ್ಲಿ, ಕಂಬದ ಮರೆ ನೋಡಿ ಕೂರುತ್ತಿದ್ದಳು.

"ಚೌಕಟ್ಟು ಬಡಗಿ ಟೆಟ್ಟೆಗೆ ಕೊಟ್ಟರೆ ಸಂಜೆಯೊಳಗೆ ಮಾಡಿ ಕೊಡ್ತಾನಲ್ಲ ರೀ" ಎಂದಳು.

"ಅದನ್ನ ನನಗೆ ಬಿಡು."

"ಬಿಟ್ಟೆ. ಈ ಶನಿವಾರ ವರ್ಷಾಬ್ದಿಯಲ್ಲಿ ನಾನು ಮುಂದಿನ ಸಾಲಲ್ಲಿ ಕೂರೋ ಹಾಗೆ ಮಾಡಿ. ಇನ್ನೇನೂ ಬೇಡ ನನಗೆ."

ಅಜೆಕುಮ್ ಹಡಗಿನಲ್ಲಿ ಬಂದ ಹಳೆಯ ಸಾಮಾನು ಮಾರುವ ಅಂಗಳಕ್ಕೆ ಹೋಗಿ ಒಂದು ಮೈಟರ್ ಗರಗಸ ಹೊತ್ತು ತಂದ. ಮರದ ಪಟ್ಟಿಯನ್ನು ಬೇಕಾದ ಓರೆಯಲ್ಲಿ ಕತ್ತರಿಸುವ ವಿದ್ಯುತ್ ಯಂತ್ರ ಅದು. ಕೆಳಗೆ ಕೋನ ತೋರಿಸುವ ಬಿಲ್ಲೆ, ಮೇಲೆ ಹಿಡಿಕೆಯುಳ್ಳ ತಲೆ, ಅದರೊಳಗೆ ದುಂಡನೆಯ ಹಲ್ಲುಚಕ್ರ, ಹಿಂಭಾಗದಲ್ಲಿ ಜಿಪ್ಪಿರುವ ಒಂದು ಬಟ್ಟೆಚೀಲ. ಮನೆಯಂಗಳದ ಮಾವಿನ ಮರದ ಕೆಳಗೆ ಮೇಜಿನ ಮೇಲಿಟ್ಟು ಹಿಡಿಕೆ ಎತ್ತಿದ. ತಲೆ ಮೇಲೇಳಲಿಲ್ಲ. ಕಾಲು ಕೊಟ್ಟು ಎಳೆದ. ಯಂತ್ರದ ಜೊತೆ ಮೇಜೂ ಎದ್ದಿತು, ತಲೆ ಮಾತ್ರ ಏಳಲಿಲ್ಲ. ಎದುರುಮನೆಯ ಕೊರ್ಕೊರ್ ಬೀದಿಯಲ್ಲಿ ಗೆಣಸು ಕರಿದು ಮಾರುವವಳು. ಸುತ್ತಲ ಎಲ್ಲ ಮನೆಗಳ ಸುದ್ದಿಯೂ ಅವಳ ಬಾಣಲೆಯಲ್ಲಿ ಒಂದು ಸುತ್ತು ಹಾಕದೆ ಮುಂದೆ ಹೋಗುತ್ತಿರಲಿಲ್ಲ. ಅವಳು ಬಂದು ನೋಡಿ, "ಇದರ ಹಳೇ ಯಜಮಾನ ಸತ್ತಿರಬೇಕು ಅಣ್ಣಾ. ಯಂತ್ರ ಇನ್ನೂ ತಲೆ ತಗ್ಗಿಸಿ ದುಃಖದಲ್ಲಿದೆ" ಎಂದು ಎರಡು ಸಾಲು ಪ್ರಾರ್ಥನೆಯನ್ನೂ ಹೇಳಿದಳು.

ಕಡೆಗೆ ಟೆಟ್ಟೆಯನ್ನೇ ಕರೆಯಬೇಕಾಯಿತು. ಟೆಟ್ಟೆಗೆ ಬಡಗಿ ಕೆಲಸಕ್ಕಿಂತ ಉಪನ್ಯಾಸ ಇಷ್ಟ. ಬಂದವನೇ ಯಂತ್ರದ ಪಕ್ಕದಲ್ಲಿದ್ದ ಒಂದು ಪುಟ್ಟ ಕೀಲನ್ನು ಹೊರಕ್ಕೆಳೆದ. ತಲೆ ಛಂಗನೆ ಮೇಲೆದ್ದಿತು.

"ದೂರ ಪ್ರಯಾಣಕ್ಕೆ ಹೀಗೆ ತಗ್ಗಿಸಿ ಕೀಲು ಹಾಕ್ತಾರೆ ಅಜೆಕುಮಣ್ಣ. ನೀವು ಇಷ್ಟು ಹೊತ್ತು ಕುಸ್ತಿ ಮಾಡಿದ್ದು ಇದರ ಜೊತೆ. ಈಗ ಕೇಳಿ. ಮೈಟರ್ ಗರಗಸಕ್ಕೆ ಐದು ನಿಯಮ. ಇಡೀ ಪೂರ್ವ ಪ್ರಾಂತ್ಯದಲ್ಲಿ ಇದನ್ನ ನನ್ನ ಹಾಗೆ ಹೇಳೋರು ಇನ್ನೊಬ್ಬರಿಲ್ಲ."

ಎಡಗೈ ಬೆರಳು ಮಡಚುತ್ತ ಹೇಳತೊಡಗಿದ. "ಒಂದು. ಯಂತ್ರವನ್ನ ಮೇಜಿಗೆ ಬೋಲ್ಟು ಹಾಕಿ ಬಿಗೀಬೇಕು. ಹಲ್ಲು, ಕೋನ, ಏನೇ ಮುಟ್ಟೋ ಮುಂಚೆ ಪ್ಲಗ್ಗು ಕಿತ್ತಿರಬೇಕು. ಬಾಣದ ಗುರುತು ನಲವತ್ತೈದು ಅಂದರೆ ನಂಬಬೇಡಿ, ಹಡಗಲ್ಲಿ ಕುಲುಕಿ ಬಂದಿದೆ, ಮೂಲೆಮಟ್ಟ ಹಿಡಿದು ನೋಡಿ. ಎರಡು. ಮರ ಹಿಂದಿನ ಗೋಡೆಪಟ್ಟಿಗೆ ಅಂಟಿಕೊಂಡಿರಬೇಕು, ಕೈ ಹಲ್ಲಿನಿಂದ ಒಂದು ಗೇಣು ದೂರ. ಮೂರು. ಚಕ್ರ ಪೂರ್ತಿ ವೇಗಕ್ಕೆ ಬಂದ ಮೇಲೆ ಇಳಿಸಿ. ಕತ್ತರಿಸಿದ ಮೇಲೆ ಗುಂಡಿ ಬಿಡಿ, ಚಕ್ರ ನಿಲ್ಲೋ ತನಕ ಬಲಗೈ ಹಿಡಿಕೆ ಬಿಟ್ಟು ಏಳಬಾರದು. ರಾಜನೇ ಬಂದು ನಿಂತರೂ ಏಳಬಾರದು. ನಾಲ್ಕು. ಜೋಲಾಡೋ ಬಟ್ಟೆ ಇಲ್ಲ, ಗಡಿಯಾರ ಇಲ್ಲ, ಉಂಗುರ ಇಲ್ಲ. ಕಣ್ಣಿಗೆ ಕನ್ನಡಕ, ಕಿವಿಗೆ ಹತ್ತಿ. ಐದು..."

ಟೆಟ್ಟೆ ಕೈ ನೋಡಿಕೊಂಡ. ಆ ಕೈಯಲ್ಲಿ ಇದ್ದದ್ದೇ ನಾಲ್ಕು ಬೆರಳು. ಮಡಚಲು ಇನ್ನೊಂದು ಸಿಗಲಿಲ್ಲ. ಅಷ್ಟರಲ್ಲಿ ಅವನ ಮನೆಯಿಂದ ಫುಫು ಮುದ್ದೆ ಆರುತ್ತಿದೆ ಎಂದು ಕೂಗು ಬಂತು. "ಐದನೇದು ಆಮೇಲೆ ಹೇಳ್ತೀನಿ" ಎಂದು ಹೊರಟುಹೋದ.

ಅಜೆಕುಮ್‌ನಿಗೆ ನಿಯಮ ಎಂದರೆ ಭಯಭಕ್ತಿ. ಆ ಸಂಜೆಯೇ ಉಂಗುರ ತೆಗೆಯಲು ಕೂತ. ಮದುವೆಯ ದಿನ ಹಾಕಿದ್ದು, ಅದರ ನಂತರ ಬೆರಳು ಎರಡರಷ್ಟು ಬೆಳೆದಿತ್ತು. ಸೋಪಿಗೆ ಬಗ್ಗದೆ ತಾಳೆ ಎಣ್ಣೆಗೆ ಬಗ್ಗಿತು. ಬಂದದ್ದೇ ದೊಡ್ಡದು, ಮತ್ತೆ ಹಾಕಿ ಮತ್ತೆ ತೆಗೆಯುವ ತ್ರಾಣ ಯಾರಿಗಿದೆ? ಎಲ್ಲಿಡಲಿ ಎಂದು ನೋಡಿದಾಗ ಯಂತ್ರದ ಹಿಂದಿನ ಜಿಪ್ಪಿನ ಚೀಲ ಕಂಡಿತು. ಕೆಲಸದ ವೇಳೆ ಯಜಮಾನನ ಉಂಗುರ ಇಡಲಿಕ್ಕೆ ಚೀಲ ಬೇರೆ ಕೊಟ್ಟಿದ್ದಾರಲ್ಲ, ಎಷ್ಟು ಯೋಚನೆ ಮಾಡಿದ್ದಾರೆ ಎಂದು ಮೆಚ್ಚಿಕೊಂಡು ಉಂಗುರವನ್ನು ಅದರೊಳಗಿಟ್ಟ. ಅಂಗಳದಲ್ಲಿ ಕಳ್ಳಕಾಕರ ಭಯ ಎಂದು ಚೀಲವನ್ನು ಯಂತ್ರದಿಂದ ಬಿಡಿಸಿ ಕೋಣೆಯ ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ. ಇಷ್ಟು ಜಾಗ್ರತೆಯ ಮನುಷ್ಯ ಘಾನಾ ದೇಶದಲ್ಲೇ ಅಪರೂಪ.

ಮರುದಿನ ಕರಿದ ಗೆಣಸಿಗೆ ಕೈ ಚಾಚಿದಾಗ ಕೊರ್ಕೊರ್ ಅವನ ಬೆರಳು ನೋಡಿದಳು. ಉಂಗುರವಿದ್ದ ಕಡೆ ಬಿಳಿ ಪಟ್ಟೆ ಮಾತ್ರ ಇತ್ತು. ಅವಳು ಅವನನ್ನು ಏನೂ ಕೇಳಲಿಲ್ಲ, ಬೇರೆ ಎಲ್ಲರನ್ನೂ ಕೇಳಿದಳು. ಅಂದು ಹಗಲೆಲ್ಲ ಕರೆಂಟಿರಲಿಲ್ಲ. ಚೌಕಟ್ಟಿಗೆಂದು ರಜೆ ಹಾಕಿ ಕೆಲಸವಿಲ್ಲದೆ ಕೂತಿದ್ದ ಅಜೆಕುಮ್, ಹೇಗೂ ಶನಿವಾರ ತೀರಿಹೋದ ಹಿರಿಯರ ಹೆಸರಲ್ಲಿ ನೆಲಕ್ಕೆ ಎರೆಯಲು ಬೇಕಲ್ಲ ಎಂದು ಹೋಗಿ ಒಂದು ಬಾಟಲಿ ಷ್ನಾಪ್ಸ್ ಮದ್ಯ ತಂದ. ಬಾಟಲಿ ಕಂಕುಳಲ್ಲಿಟ್ಟುಕೊಂಡು ಬಂದದ್ದನ್ನು ಬೀದಿ ಪೂರಾ ನೋಡಿತು.

"ಶನಿವಾರದ ಬಾಟಲಿ ಇದ್ದೀತು ಬಿಡೇ" ಎಂದಳು ಒಬ್ಬ ಗಿರಾಕಿ.

"ಆ ಮನುಷ್ಯ ಜನ್ಮದಲ್ಲಿ ಯಾವ ಕೆಲಸ ಮುಂಚಿತವಾಗಿ ಮಾಡಿದ್ದಾನೆ? ಮದುವೆಗೇ ತಡವಾಗಿ ಬಂದವನು!" ಕೊರ್ಕೊರ್ ಸೌಟು ಬಾಣಲೆಗೆ ಬಡಿದಳು. "ಹೆಂಡತೀನ ಬಿಡೋರು ಏನು ಮಾಡ್ತಾರೆ? ಅವಳ ಕಡೆ ಹಿರಿಯರ ಮುಂದೆ ಬಾಟಲಿ ಇಡ್ತಾರೆ, ಅವಳ ಕಾಲ ಮೇಲೆ ಬಿಳಿ ಜೇಡಿಪುಡಿ ಎರಚ್ತಾರೆ. ಉಂಗುರ ಹೋಯ್ತು, ಬಾಟಲಿ ಬಂತು. ಇನ್ನು ಪುಡಿ ಒಂದು ಬಾಕಿ."

ಸುದ್ದಿ ಕೊರ್ಕೊರ್‌ಳ ನಾದಿನಿಯ ಫೋನು ಹತ್ತಿ ಸುಹುಮ್ ಮುಟ್ಟಿತು. ದಾರಿಯಲ್ಲಿ ಸ್ವಲ್ಪ ಬೆಳೆಯಿತು. ಅಜೆಕುಮ್‌ನ ಅತ್ತೆ ದುಫಿಯೆಯ ಕಿವಿಗೆ ಬೀಳುವಾಗ ಅಳಿಯ ಉಂಗುರ ಕಿತ್ತೆಸೆದಿದ್ದ, ಬಾಟಲಿ ತಂದಿದ್ದ, ಮನೆಯ ಮಂಚವನ್ನು ಸರಿಯಾಗಿ ಎರಡು ಪಾಲು ಮಾಡಲು ವಿಲಾಯತಿ ಗರಗಸವನ್ನೂ ತರಿಸಿದ್ದ.

ಸೆರ್ವಾಗೂ ಸಂತೆಯಲ್ಲಿ ಸುದ್ದಿ ಮುಟ್ಟಿತು. ಮನೆಗೆ ಬಂದು ಗಂಡನ ಬೆರಳು ನೋಡಿದಳು. ಅವಳು ಬಾಯಿಬಿಟ್ಟು ಕೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಕೇಳಲಿಲ್ಲ. ಅವನ ಸಾರಿನ ಬಟ್ಟಲಿಗೆ ಮೀನು ಹಾಕಲಿಲ್ಲ, ಅಷ್ಟೆ. ಅಜೆಕುಮ್ ಬರಿಯ ಸಾರು ಕುಡಿದು, ಮೀನಿನ ಅಭಾವವಿರಬೇಕು ಎಂದುಕೊಂಡು ಮಲಗಿದ.

ಶುಕ್ರವಾರ ಕರೆಂಟು ಬಂತು. ಮೊದಲ ಸಲ ಅಜೆಕುಮ್ ಎಲ್ಲ ತುದಿಗಳನ್ನೂ ಒಂದೇ ಕಡೆಗೆ ಓರೆ ಮಾಡಿ ಕತ್ತರಿಸಿದ. ಜೋಡಿಸಿದಾಗ ಚೌಕಟ್ಟಾಗಲಿಲ್ಲ, ಎಲ್ಲೋ ಓಡಿಹೋಗಲು ಸಿದ್ಧವಾದ ಮೆಟ್ಟಿಲಿನಂತೆ ಕಂಡಿತು. ಎರಡನೆಯ ಸಲ ಓರೆ ಸರಿಯಾಯಿತು, ಆದರೆ ಅಳತೆಯನ್ನು ಒಳ ಅಂಚಿನ ಬದಲು ಹೊರ ಅಂಚಿನ ಮೇಲೆ ಹಿಡಿದಿದ್ದ. ಆ ಚೌಕಟ್ಟಿನಲ್ಲಿ ಮಾವ ಕೂರಬೇಕೆಂದರೆ ಒಂದು ಕಿವಿಯನ್ನು ಹೊರಗೆ ಬಿಡಬೇಕಿತ್ತು. ಹೊಸ ಪಟ್ಟಿಗಳು ಬಂದವು. ವಾವಾ ಮರ, ಹಾಲಿನಷ್ಟು ಬಿಳುಪು. ಬನಿಯನ್ನು, ಮೊಣಕಾಲಿಗೆ ಕಟ್ಟಿದ ಪ್ಯಾಂಟು, ಕಿವಿಗೆ ಹತ್ತಿ, ಕಣ್ಣಿಗೆ ಯಾರದೋ ಈಜುಗನ್ನಡಕ ಧರಿಸಿ ಅವನು ಮೂರನೆಯ ಸಲ ನಿಂತ. ಈ ಬಾರಿ ಮೂರು ಪಟ್ಟಿಗಳು ಕೂಡಿಬಂದವು. ಕಡೆಯ ಪಟ್ಟಿಯ ಎರಡು ತುದಿ ಉಳಿದಿತ್ತು.

ಆ ಹೊತ್ತಿಗೆ ಗೇಟು ತೆರೆಯಿತು. ಸುಹುಮ್‌ನ ಟ್ರೋಟ್ರೋ ಗಾಡಿ ಇಳಿದು ಅತ್ತೆ ದುಫಿಯೆ ಬಂದಳು. ಹಿಂದೆ ಕೋಲೂರಿಕೊಂಡು ಸೆರ್ವಾಳ ಸೋದರಮಾವ, ಕುಲದ ಹಿರಿಯ ಆಂಪೋನ್ಸಾ ಬಂದ. ಸಂತೆಯಿಂದ ಸೆರ್ವಾಳನ್ನೂ ಕರೆತಂದಿದ್ದರು. ಅವರ ಹಿಂದೆ ಕೊರ್ಕೊರ್, ಅವಳ ಹಿಂದೆ ಗೆಣಸು ಕೊಳ್ಳಲು ಬಂದವರೆಲ್ಲ. ಟೆಟ್ಟೆ ಬೇಲಿಯಾಚೆಯಿಂದ ಇಣುಕುತ್ತಿದ್ದ. ಮೇಜಿನ ಈಚೆ ಅಜೆಕುಮ್, ಆಚೆ ಇವರು, ನಡುವೆ ಬೆನ್ನು ಅವರ ಕಡೆಗೆ ಮಾಡಿದ ಗರಗಸ.

ಅಜೆಕುಮ್ ಆಗಷ್ಟೇ ಒಂದು ತುದಿ ಕತ್ತರಿಸಿ ಗುಂಡಿ ಬಿಟ್ಟಿದ್ದ, ಚಕ್ರ ಇನ್ನೂ ತಿರುಗುತ್ತಿತ್ತು. ರಾಜನೇ ಬಂದರೂ ಬಲಗೈ ಏಳಬಾರದು. ಹಿರಿಯರನ್ನು ಸ್ವಾಗತಿಸದೆ ಇರಲೂ ಆಗದು. ಎಡಗೈ ಎತ್ತಿದ.

ಎಡಗೈ! ಕುಲದ ಹಿರಿಯನಿಗೆ! ಅದರಲ್ಲೂ ಉಂಗುರವಿಲ್ಲದ ಬೆರಳನ್ನು ಎಲ್ಲಕ್ಕಿಂತ ಮುಂದೆ ಚಾಚಿಕೊಂಡು! ಆಂಪೋನ್ಸಾನ ಕೋಲು ನೆಲದಿಂದ ಒಂದು ಚೋಟು ಮೇಲೆದ್ದಿತು. ದುಫಿಯೆ ಬಾಯಿ ತೆರೆದು ಮುಂದೆ ಬಂದಳು. ಅತ್ತೆಗೆ ಏಟಾದೀತೆಂದು ಅಜೆಕುಮ್ ಗಾಬರಿಯಾಗಿ, ಕಿವಿಯಲ್ಲಿ ಹತ್ತಿ ತುಂಬಿದವರು ಮಾತಾಡುವಂತೆ, ಬೀದಿಯ ಆ ತುದಿಗೂ ಕೇಳುವ ಹಾಗೆ ಕೂಗಿದ: "ಹಿಂದೆ ಸರೀರಿ!"

"ಅತ್ತೇನೇ ಗದರಿಸ್ತಾನಲ್ಲೇ!" ಎಂದಳು ಕೊರ್ಕೊರ್ ಪರಮಾನಂದದಿಂದ.

ಚಕ್ರ ನಿಂತಿತು. ಆಂಪೋನ್ಸಾ ತನ್ನ ಕಾಲದಲ್ಲಿ ಎಷ್ಟೋ ಮದುವೆಗಳನ್ನು ಕೂಡಿಸಿ ಎಷ್ಟನ್ನೋ ಬಿಡಿಸಿ ಬೇಸತ್ತವನು. ಅವನು ಗಂಟಲು ಸರಿಮಾಡಿಕೊಂಡು ಪದ್ಧತಿಯಂತೆ ಕೇಳಿದ: "ಅಳಿಯಂದ್ರೇ, ನಮ್ಮ ಹುಡುಗೀನ ಬಿಡೋ ಯೋಚನೆ ಇದೆ ಅಂತ ಕೇಳಿದ್ವಿ. ನಿಜವೇ?"

ಅಜೆಕುಮ್‌ನಿಗೆ ತುಟಿ ಅಲುಗುವುದು ಮಾತ್ರ ಕಂಡಿತು. ಚೌಕಟ್ಟಿನ ಬಗ್ಗೆ ಕೇಳುತ್ತಿರಬೇಕು. ತಲೆಯಾಡಿಸಿದ.

"ಯೋಚನೆ ಮಾಡಿಯೇ ತೀರ್ಮಾನಿಸಿದೆಯಾ?"

ಇನ್ನೂ ಜೋರಾಗಿ ತಲೆಯಾಡಿಸಿದ.

"ಅವಳದೇನಾದರೂ ತಪ್ಪಿದೆಯೇನಪ್ಪಾ?"

ಅಜೆಕುಮ್ ನಕ್ಕು, ಬರಿಬೆರಳನ್ನು ಎತ್ತಿ ತೋರಿಸಿ, "ಇನ್ನೊಂದೇ ಒಂದು!" ಎಂದು ಕೂಗಿ ಪಟ್ಟಿಯ ಉಳಿದ ತುದಿಯನ್ನು ಗರಗಸಕ್ಕೆ ಕೊಟ್ಟ. ಚಕ್ರ ಪೂರ್ತಿ ವೇಗಕ್ಕೆ ಬಂತು, ಹಲ್ಲು ಮರ ಹೊಕ್ಕಿತು. ಸೆರ್ವಾ ಇನ್ನು ತಡೆಯಲಾರದೆ ಎಲ್ಲರನ್ನೂ ದಾಟಿ ನೇರವಾಗಿ ಮೇಜಿನ ಎದುರಿಗೆ ಬಂದು ನಿಂತದ್ದು ಆಗಲೇ. ಹಿಂದೆ ಪುಡಿ ತುಂಬಿಕೊಳ್ಳಬೇಕಾದ ಚೀಲ ಬಾಗಿಲ ಹಿಂದೆ ನೇತಾಡುತ್ತಿತ್ತಲ್ಲ. ವಾವಾ ಮರದ ಬಿಳಿಪುಡಿ ಬುಸ್ಸೆಂದು ಹಾರಿ, ಎಲ್ಲ ಹಿರಿಯರ ಕಣ್ಣೆದುರಿಗೆ, ಸೆರ್ವಾಳ ಎರಡು ಕಾಲ ಮೇಲೂ ಬಿತ್ತು. ಅವಳನ್ನು ಕಂಡು ಅಜೆಕುಮ್‌ನ ಗಮನ ತಪ್ಪಿ, ಪಟ್ಟಿ ಒಂದಿಷ್ಟು ಜಾರಿತು. ಅದೇ ಗಳಿಗೆಗೆ ಕರೆಂಟೂ ಹೋಯಿತು.

ನೆರೆದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು.

"ಪುಡಿ" ಎಂದಳು ಕೊರ್ಕೊರ್ ಮೆಲ್ಲಗೆ. ಅವಳಿಗೂ ಇದು ನಿಜವಾಗಲೆಂದು ಆಸೆಯಿರಲಿಲ್ಲ. ದುಫಿಯೆ ಎರಡು ಕೈ ತಲೆಯ ಮೇಲಿಟ್ಟು ಅಳತೊಡಗಿದಳು. ಸೆರ್ವಾ ಅಳಲಿಲ್ಲ. ಕಾಲನ್ನೇ ನೋಡುತ್ತ ನಿಂತಿದ್ದಳು.

ಅಜೆಕುಮ್ ಚಕ್ರ ನಿಲ್ಲುವ ತನಕ ಕಾದು, ಹಿಡಿಕೆ ಎತ್ತಿ, ಪ್ಲಗ್ಗು ಕಿತ್ತು, ಹತ್ತಿ ತೆಗೆದ. "ಅತ್ತೆ ಯಾಕೆ ಅಳ್ತಿದಾರೆ? ಮಾವನ ನೆನಪಾಯ್ತಾ?"

ಆಂಪೋನ್ಸಾ ಕಲ್ಲಿನ ಮೇಲೆ ಕೂತ. "ಉಂಗುರ ಎಲ್ಲಯ್ಯಾ?"

"ಚೀಲದಲ್ಲಿದೆ."

"ಯಾವ ಚೀಲ?"

"ಗರಗಸದ ಉಂಗುರದ ಚೀಲ."

ಟೆಟ್ಟೆ ಬೇಲಿ ಹಾರಿ ಬಂದ. "ಅಯ್ಯೋ ಅಣ್ಣಾ, ಅದು ಮರದ ಪುಡಿ ಬೀಳೋ ಚೀಲ! ಅದನ್ನ ಬಿಚ್ಚಿಟ್ಟು ಕೆಲಸ ಮಾಡಿದ್ರಾ?"

ಸೆರ್ವಾ ಒಳಗೆ ಹೋಗಿ ಬಾಗಿಲ ಹಿಂದಿನ ಚೀಲ ತಂದು ಜಿಪ್ಪು ಎಳೆದು ತಲೆಕೆಳಗು ಮಾಡಿದಳು. ಉಂಗುರ ಅಂಗೈಗೆ ಬಿತ್ತು. ಇನ್ನೂ ತಾಳೆ ಎಣ್ಣೆಯ ಜಿಡ್ಡಿತ್ತು.

"ಯಾಕೆ ತೆಗೆದ್ರಿ?"

"ನಿಯಮ. ಉಂಗುರ ಸಿಕ್ಕಿಹಾಕಿಕೊಂಡರೆ ಬೆರಳೇ ಹೋಗುತ್ತಂತೆ. ಬೆರಳು ಹೋದರೆ ಆಮೇಲೆ ಉಂಗುರ ಎಲ್ಲಿ ಹಾಕೋದು?"

"ನನಗೆ ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?" ಸೆರ್ವಾ ಉಂಗುರವನ್ನು ಅವನ ಮುಖಕ್ಕೆ ಹಿಡಿದಳು. "ನಿನ್ನೆ ರಾತ್ರಿ ಕಣ್ಣು ಮುಚ್ಚಿಲ್ಲ ನಾನು. ನೀವು ಗೊರಕೆ ಹೊಡೀತಿದ್ರಿ."

ಅಜೆಕುಮ್ ಮೇಜು ಸುತ್ತಿ ಅವಳ ಎದುರಿಗೆ ಬಂದ. ಈಜುಗನ್ನಡಕ ತೆಗೆದ. ಕಣ್ಣ ಸುತ್ತ ಎರಡು ಗುಂಡನೆಯ ಗುರುತು ಉಳಿದಿತ್ತು, ಆ ಮುಖದಲ್ಲಿ ಏನು ಹೇಳಿದರೂ ಯಾರೂ ನಂಬುವಂತಿರಲಿಲ್ಲ.

ಟೆಟ್ಟೆ ತನ್ನ ನಾಲ್ಕು ಬೆರಳಿನ ಕೈಯನ್ನೇ ನೋಡುತ್ತಿದ್ದ. "ತಪ್ಪು ನನ್ನದು ತಂಗೀ. ಐದನೇ ನಿಯಮ ಹೇಳದೆ ಹೋದೆ. ಯಂತ್ರ ಹಾಕೋ ಮುಂಚೆ ಮನೆಯೋರಿಗೆ ಹೇಳಬೇಕು. ನಾನು ಹೇಳಿರಲಿಲ್ಲ. ನನ್ನವಳು ಹಿಂದಿನಿಂದ ಬಂದು ಊಟಕ್ಕೆ ಬಾ ಅಂತ ಭುಜ ಮುಟ್ಟಿದಳು, ನಾನು ತಿರುಗಿದೆ." ಅವನ ಉಪನ್ಯಾಸಗಳಲ್ಲಿ ಇಷ್ಟು ಚಿಕ್ಕದು ಇನ್ನೊಂದಿರಲಿಲ್ಲ. ಯಾರೂ ನಗಲಿಲ್ಲ.

ಆಂಪೋನ್ಸಾ ನಿಟ್ಟುಸಿರಿಟ್ಟ. "ಮರದ ಪುಡಿಯೋ ಮಣ್ಣಿನ ಪುಡಿಯೋ, ಹಿರಿಯರ ಮುಂದೆ ಬಿದ್ದದ್ದು ಬಿದ್ದದ್ದೇ. ನಾಳೆ ಊರು ನೂರು ಮಾತಾಡುತ್ತೆ. ಮತ್ತೆ ಹೆಣ್ಣು ಕೇಳಬೇಕು. ಬಾಟಲಿ ಹೇಗೂ ಇದೆಯಲ್ಲ, ತಗೊಂಡು ಬಾ."

ಹಾಗೆ ಬನಿಯನ್ನಿನಲ್ಲಿ, ಮೈತುಂಬ ಮರದ ಪುಡಿ ಮೆತ್ತಿಕೊಂಡು, ಅಜೆಕುಮ್ ತನ್ನ ಹೆಂಡತಿಯನ್ನೇ ಮದುವೆಗೆ ಕೇಳಿದ. ಹಿರಿಯರು ಬಾಟಲಿ ತಗೊಂಡರೆ ಹೆಣ್ಣು ಒಪ್ಪಿದ ಹಾಗೆ, ಅದಕ್ಕೆ ಮುಂಚೆ ಅವಳನ್ನು ಮೂರು ಸಲ ಕೇಳುವುದು ವಾಡಿಕೆ.

"ಸೆರ್ವಾ, ಈ ಬಾಟಲಿ ತಗೋಬಹುದೇನಮ್ಮಾ?" ಎಂದ ಆಂಪೋನ್ಸಾ.

ಸೆರ್ವಾ ಕಾಲಿನ ಪುಡಿ ಕೊಡವುತ್ತಲೇ ಇದ್ದಳು.

"ತಗೋಬಹುದೇನಮ್ಮಾ?"

"ಇನ್ನು ಮುಂದೆ 'ನನಗೆ ಬಿಡು' ಅಂತಾರಾ ಕೇಳಿ."

"ಅನ್ನಲ್ಲ" ಎಂದ ಅಜೆಕುಮ್.

ಮೂರನೆಯ ಸಲ ಕೇಳುವಾಗ ಆಂಪೋನ್ಸಾನ ದನಿಯೇ ಕುಸಿದಿತ್ತು. "ಬೇಗ ಹೇಳಮ್ಮಾ, ನನಗೆ ಸೊಂಟ ನೋಯ್ತಿದೆ."

"ತಗೊಳ್ಳಿ ಮಾವಾ" ಎಂದಳು. ಉಂಗುರವನ್ನು ಅವಳೇ ತೊಡಿಸಿದಳು. ಎಣ್ಣೆ ಜಿಡ್ಡಿದ್ದರಿಂದ ಸರಾಗವಾಗಿ ಹೋಯಿತು.

ಕರೆಂಟು ಮಾತ್ರ ಬೆಳಗಾದರೂ ಬರಲಿಲ್ಲ. ಪಟ್ಟಿ ಜಾರಿ ಕೆಟ್ಟ ಆ ಕಡೆಯ ತುದಿಯನ್ನು ಸರಿಪಡಿಸಲು ಆಗದೆ, ಹಾಗೇ ಅಂಟು ಹಾಕಿ ಮೊಳೆ ಹೊಡೆದರು. ಚೌಕಟ್ಟಿನ ಮೂರು ಮೂಲೆ ಬಿಗಿಯಾಗಿ ಕೂತವು. ಮೇಲಿನ ಬಲ ಮೂಲೆಯಲ್ಲಿ ಕಿರುಬೆರಳು ತೂರುವಷ್ಟು ಸಂದು ಬಾಯಿ ಬಿಟ್ಟಿತ್ತು.

ಶನಿವಾರ ಸುಹುಮ್‌ನಲ್ಲಿ ಮೈಕು ಕೂಗಿತು: "ಸೆರ್ವಾಳ ಗಂಡ, ಹುಟ್ಟುಹಬ್ಬದ ಅಳಿಯ, ಸ್ವಂತ ಕೈಯಿಂದ ಮಾಡಿದ ಚೌಕಟ್ಟು!" ಜನ ನೋಡಲು ಕತ್ತು ಚಾಚಿದರು. ತೆಮಾದ ಷಡ್ಡಕ ಎಲ್ಲರಿಗಿಂತ ಮುಂದೆ ಚಾಚಿದ. ಅಷ್ಟರಲ್ಲಿ ಸೆರ್ವಾ ಕಂಬದ ಮರೆಯಿಂದ ಎದ್ದು, ಇಡೀ ಚಪ್ಪರ ದಾಟಿ ಮುಂದೆ ಬಂದು, ತಂದೆಯ ಫೋಟೋದ ಪಕ್ಕದಲ್ಲಿ ನಿಂತಳು. ಒಂದು ಮೊಣಕೈಯನ್ನು ಮೇಲಿನ ಬಲ ಮೂಲೆಯ ಮೇಲೆ ಊರಿದಳು. ಅಪ್ಪನ ಹೆಗಲಿಗೆ ಮಗಳು ಒರಗಿದ ಹಾಗೆ ಕಂಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ಮುದುಕಿಯರು ಕಣ್ಣೊರೆಸಿಕೊಂಡರು.

ಪ್ರಾರ್ಥನೆ ಆಯಿತು, ಎರೆಯುವುದಾಯಿತು, ಭಾಷಣಗಳಾದವು. ಅವಳು ಕೈ ತೆಗೆಯಲಿಲ್ಲ. ಅಜೆಕುಮ್ ನಿಧಾನವಾಗಿ ಪಕ್ಕಕ್ಕೆ ಹೋದ.

"ಮುಂದಿನ ಸಾಲಲ್ಲಿ ಕುರ್ಚಿ ಖಾಲಿ ಇದೆ. ಹೋಗಿ ಕೂತ್ಕೋ."

"ಕೂತ್ರೆ ಸಂದು ಕಾಣುತ್ತೆ."

"ಕೈ ನೋಯಲ್ವೇನೇ?"

"ನೋಯುತ್ತೆ."

ಹುಟ್ಟಿದಾಗಿನಿಂದ ಗೋಡೆ ಕಂಡಲ್ಲಿ ಒರಗಿದ ಮನುಷ್ಯ ತನ್ನ ಮೊಣಕೈಯನ್ನು ಅವಳ ಮೊಣಕೈ ಪಕ್ಕಕ್ಕೆ ತಂದು, ಅವಳದು ಜಾರುತ್ತಿದ್ದ ಹಾಗೆ ತನ್ನದನ್ನು ಆ ಮೂಲೆಯ ಮೇಲೆ ಊರಿದ. ಒಳಗಿನ ಕೋಣೆಯ ಗೋಡೆಯಿಂದ ಗಡಿಯಾರ ಗಂಟೆ ಬಾರಿಸಿ ಹುಟ್ಟುಹಬ್ಬದ ರಾಗ ತೆಗೆಯಿತು. ಚಪ್ಪರದ ತಲೆಗಳೆಲ್ಲ ಒಟ್ಟಿಗೆ ಅವನ ಕಡೆ ತಿರುಗಿದವು.

"ಅಲುಗಬೇಡಿ" ಎಂದು ಪಿಸುಗುಟ್ಟಿ ಸೆರ್ವಾ ಮುಂದಿನ ಸಾಲಿಗೆ ಹೋಗಿ, ಖಾಲಿ ಕುರ್ಚಿಯಲ್ಲಿ ನೆಟ್ಟಗೆ ಕೂತಳು.

ಅವನು ಅಲುಗಲಿಲ್ಲ.